ಪಾಸ್‌ವರ್ಡ್ ಮಾತ್ರ ಸರಿಯಾಗಿತ್ತು

ಸೀಸದ ಏಪ್ರನ್ನಿನ ಕೆಳಗೆ ಫೋನು ಗುಂಯ್ ಎಂದಿತು, ದುಂಬಿ ಸಿಕ್ಕಿಕೊಂಡ ಹಾಗೆ, ಗಾಜಿನಾಚೆ ಕೆಮ್ಮಿನ ಮುದುಕರು ಇನ್ನೂ ಅಂಗಿಯ ಮೂರನೆಯ ಗುಂಡಿಯ ಜೊತೆ ಗುದ್ದಾಡುತ್ತಿದ್ದಾರೆ, ನಿಧಾನವಾಗಿ ಬಿಚ್ಚಲಿ, ಅಷ್ಟರಲ್ಲಿ ನೋಡಿಬಿಡೋಣ ಎಂದು ತೆಗೆದರೆ – ನಿನ್ನ ಗುಟ್ಟೆಲ್ಲ ನನಗೆ ಗೊತ್ತು. ಹೌದೇನಪ್ಪ, ಗೊತ್ತೇನು, ಬಾ ಕೂತುಕೋ, ಎಂದುಕೊಂಡಳು. ಇಪ್ಪತ್ತಾರು ವರ್ಷ ಎಕ್ಸ್‌ರೇ ಕೋಣೆಯಲ್ಲಿ ಊರವರ ಒಳಗನ್ನೆಲ್ಲ ನೋಡಿದವಳಿಗೆ ಯಾವನೋ ಒಬ್ಬ ಮೇಲ್ ಬರೆಯುತ್ತಾನೆ, ನಿನ್ನ ಕಂಪ್ಯೂಟರಿನ ಕ್ಯಾಮೆರಾದೊಳಗೆ ಕೂತು ನಿನ್ನನ್ನೇ ನೋಡಿದ್ದೇನೆ, ಕೊಳಕು ಚಿತ್ರ ನೋಡುತ್ತ ನೀನೇನು ಮಾಡುತ್ತಿದ್ದೆ ಎಂಬುದರ ವಿಡಿಯೊ ನನ್ನ ಹತ್ತಿರ ಇದೆ, ಒಂದು ವಾರದೊಳಗೆ ಹೇಳಿದಲ್ಲಿಗೆ ಹಣ ಹಾಕದಿದ್ದರೆ ಬಂಧುಬಳಗಕ್ಕೆಲ್ಲ ಕಳಿಸುತ್ತೇನೆ. ಅವಳ ಕಂಪ್ಯೂಟರಿಗೆ ಕ್ಯಾಮೆರಾವೇ ಇಲ್ಲ, ಆ ಹಳೇ ಡಬ್ಬ ಆನ್ ಆಗುವುದರೊಳಗೆ ಒಂದು ರಾಶಿ ಬಟ್ಟೆ ಮಡಚಿಡಬಹುದು, ಅದರಲ್ಲಿ ನೋಡುವುದೇನಿದ್ದರೂ ಡ್ಯೂಟಿ ಪಟ್ಟಿ, ಕಿಟಕಿ ಪರದೆ, ಪರದೆ ಬಟ್ಟೆ ನೋಡಿ ಯಾರಾದರೂ ಏನು ಮಾಡಿಯಾರು, ಮುಟ್ಠಾಳ. ಬರವಣಿಗೆಯಾದರೂ ನೆಟ್ಟಗಿದೆಯೇ, ಮೊದಲ ಸಾಲಿನಲ್ಲಿ ಪ್ರಿಯ ಸ್ನೇಹಿತ, ಮಧ್ಯದಲ್ಲಿ ಎಲೈ ಪಾಪಿ, ಕೊನೆಗೆ ನಿಮ್ಮ ಸಹಕಾರಕ್ಕೆ ಧನ್ಯವಾದ, ಬೆದರಿಸುವುದಕ್ಕೂ ಬಾರದ ಮೇಲೆ ಈ ಕಸುಬಿಗೆ ಯಾಕೆ ಇಳಿದೆಯೋ ಮಾರಾಯ. ಗೋಡೆ ಹಾರುವ ಕಳ್ಳನಿಗೆ ಕಾಲು ಮುರಿಯುವ ಭಯವಾದರೂ ಉಂಟು, ಹಾಗೆ ಹಾರಿ ಈ ಮೇಜಿನ ಮೇಲೆ ಮಲಗಿದವರನ್ನು ಅವಳು ಕಂಡಿದ್ದಾಳೆ, ಇವನು ಕೂತಲ್ಲಿಂದ ಏಳದ ಸೋಮಾರಿ – ಬನಿಯನ್ನೂ ತೆಗೀಬೇಕೇನಮ್ಮ, ಮುದುಕರು ಕೇಳಿದರು, ಬೇಡ ಅಜ್ಜ, ಹಾಗೇ ನಿಂತ್ಕೊಳ್ಳಿ. ಆಮೇಲೆ ಕೊನೆಯ ಸಾಲು. ನಂಬಿಕೆ ಬರದಿದ್ದರೆ ಇಗೋ ನಿನ್ನ ಪಾಸ್‌ವರ್ಡ್. ಮರಿಗೂಬೆ, ತಮ್ಮನಿಗೆ ಅವಳಿಟ್ಟ ಅಡ್ಡಹೆಸರು, ಅದರ ಬೆನ್ನಿಗೆ ಅವನು ಹುಟ್ಟಿದ ವರ್ಷ. ಇಡೀ ಕಾಗದದಲ್ಲಿ ತಪ್ಪಿಲ್ಲದೆ ಬರೆದಿದ್ದು ಅದೊಂದನ್ನೇ, ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದಂತಾಯಿತು.

ಮಧ್ಯಾಹ್ನದವರೆಗೂ ಅದೇ ಮೆಟ್ಟಿಲು. ಮೇಲ್‌ಗೂ ಮರಿಗೂಬೆ, ಬ್ಯಾಂಕಿಗೂ ಮರಿಗೂಬೆ, ಡ್ಯೂಟಿ ಪಟ್ಟಿಗೂ ಮರಿಗೂಬೆ, ಮನೆಯ ಎಲ್ಲ ಬಾಗಿಲಿಗೂ ಒಂದೇ ಕೀಲಿ ಮಾಡಿಸಿ ಅದನ್ನು ಬೀದಿಯಲ್ಲಿ ಬೀಳಿಸಿಕೊಂಡವಳಂತೆ, ಛೆ, ಇವಳ ಬುದ್ಧಿಗೂ ಇಷ್ಟು ಬೆಂಕಿ ಹಾಕ. ಊಟದ ಹೊತ್ತಿಗೆ ಕಂಪ್ಯೂಟರ್ ವಿಭಾಗದ ಹೆಂಗಸಿಗೆ ಫೋನು ತೋರಿಸಿದಾಗ ಆಕೆ ಸೌತೆಕಾಯಿ ಕಚ್ಚುತ್ತಲೇ ಓದಿ, ಇದಾ ಮೇಡಂ, ಎಂದು ನಕ್ಕಳು. ಯಾವುದೋ ಅಂಗಡಿಯ ಗಿರಾಕಿಗಳ ಪಟ್ಟಿ ಕದ್ದಿರ್ತಾರೆ, ಅದರಲ್ಲಿ ನಿಮ್ಮ ಹಳೇ ಪಾಸ್‌ವರ್ಡ್ ಸಿಕ್ಕಿರುತ್ತೆ, ವಿಡಿಯೊನೂ ಇಲ್ಲ ಮಣ್ಣೂ ಇಲ್ಲ. ಉತ್ತರ ಬರೆಯಬಾರದು, ಹಣ ಹಾಕಬಾರದು, ಅದರಲ್ಲಿರುವ ಯಾವುದನ್ನೂ ಒತ್ತಬಾರದು, ಕಾಗದವನ್ನು ಹಾಗೇ ಇಟ್ಟುಕೊಂಡು ಸೈಬರ್ ಪೊಲೀಸರಿಗೆ ದೂರು ಕೊಡಬೇಕು, ಮೊದಲು ಮೇಲ್‌ನ ಪಾಸ್‌ವರ್ಡ್ ಬದಲಿಸಬೇಕು, ಆಮೇಲೆ ಬ್ಯಾಂಕು, ಒಂದೊಂದಕ್ಕೂ ಬೇರೆ ಬೇರೆ, ಮೇಲೆ ಫೋನಿಗೆ ಬರುವ ಅಂಕಿಯ ಎರಡನೇ ಬೀಗ. ಅಲ್ಲೇ ಕೂರಿಸಿ ಮಾಡಿಸಿದಳು. ಬೀಗ ಬಿತ್ತು, ಅವಳಿಗೂ ಜೀವ ಬಂತು, ಬಾಯಿಯೂ ಬಂತು, ಯಾರನ್ನು ಹೆದರಿಸುತ್ತಾನಂತೆ ಆ ಹುಳ, ಎಂದಳು. ನಿಮಗೊಬ್ಬರಿಗೇ ಅಲ್ಲ ಮೇಡಂ, ಪಟ್ಟಿಯಲ್ಲಿರೋರಿಗೆಲ್ಲ ಇದೇ ಕಾಗದ ಹೋಗಿರುತ್ತೆ. ಎಲ್ಲರಿಗೂ. ಪಟ್ಟಿಯಲ್ಲಿರುವ ಎಲ್ಲರಿಗೂ. ಯಾವ ಅಂಗಡಿ ಎಂದರೆ ಆ ಪರದೆ ಅಂಗಡಿಯೇ ಇರಬೇಕು, ಆರು ವರ್ಷದ ಹಿಂದೆ, ಹೊಸ ಗಿರಾಕಿಗೆ ರಿಯಾಯಿತಿ ಎಂದಿದ್ದಕ್ಕೆ ತನ್ನ ಹೆಸರಲ್ಲೊಂದು, ಅದು ಸಾಲದೆಂದು ತಮ್ಮನ ಮೇಲ್ ಹಾಕಿ ಅವನ ಹೆಸರಲ್ಲಿ ಇನ್ನೊಂದು ಖಾತೆ ತೆರೆದವಳು ಇವಳೇ, ಎರಡಕ್ಕೂ ಮರಿಗೂಬೆ.

ಮರಿ. ನಲವತ್ತಾರಾದರೂ ಮರಿಯೇ, ದಪ್ಪ ಕನ್ನಡಕ, ಮನೆಯಲ್ಲೇ ಗಣಿತದ ಪಾಠ, ಸಮೀಕರಣ ಬಿಟ್ಟು ಬೇರೆ ಯಾವುದರ ಎದುರೂ ದನಿ ಎತ್ತದವನು, ಈ ವರ್ಷ ಹೇಗೋ ಧೈರ್ಯ ಮಾಡಿ ಗ್ರಂಥಾಲಯದ ಹೆಂಗಸಿನ ಜೊತೆ ಮದುವೆಯ ಮಾತಾಡಿಕೊಂಡಿದ್ದಾನೆ, ಮುಂದಿನ ತಿಂಗಳು ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಬೇಕು. ಐದು ದಿನದಿಂದ ಪಾಠವಿಲ್ಲ, ಗಂಟಲು ಸರಿಯಿಲ್ಲ ಎಂದ, ಇರಬಹುದು ಎಂದುಕೊಂಡಳು. ಭಾನುವಾರ, ಅಕ್ಕ ಈ ಇಂಟರ್‌ನೆಟ್ ನಾಣ್ಯ ಅಂತಾರಲ್ಲ ಅದನ್ನ ಹೇಗೆ ಕೊಳ್ತಾರೆ, ಎಂದು ಕೇಳಿದ್ದ, ಮದುವೆಗೆ ಮುಂಚೆ ಸಾಹುಕಾರ ಆಗ್ತೀಯೇನೋ ಎಂದು ಅವಳು ಹಾಸ್ಯ ಮಾಡಿದ್ದಳು. ಸೋಮವಾರ ತಟ್ಟೆಯ ಮುಂದೆ ಕೂತು ಅವಳೇ ಪತ್ರಿಕೆಯ ಸುದ್ದಿ ಓದಿ ಹೇಳಿದ್ದಳು, ಇಂಥದೇ ಮೇಲ್‌ಗೆ ಹೆದರಿ ಯಾವನೋ ಹಣ ತೆತ್ತನಂತೆ, ಥೂ, ಮಾಡಬಾರದ್ದು ಮಾಡಿದವನಿಗೆ ತಾನೆ ಭಯ, ನೆಟ್ಟಗಿದ್ದವನು ಯಾಕೆ ಹೆದರುತ್ತಾನೆ – ಅವನು ತಟ್ಟೆ ಎತ್ತಿಕೊಂಡು ಒಳಗೆ ಹೋದ, ಅವಳು ಪುಟ ತಿರುವಿದಳು. ಬೆನ್ನೆಲುಬಿನ ಕೂದಲೆಳೆ ಬಿರುಕು ಕಾಣುವ ಕಣ್ಣಂತೆ ಇವಳದು, ಎದುರು ಕೂತವನ ಮುಖ ಕಾಣಲಿಲ್ಲ. ಎರಡು ಗಂಟೆಗೇ ರಜೆ ಹೇಳಿ ಬಸ್ ಹತ್ತಿದಳು, ಬಸ್ಸೋ ಸಿಕ್ಕಸಿಕ್ಕಲ್ಲಿ ನಿಲ್ಲುತ್ತದೆ, ಕಿಟಕಿಯ ಗಾಜಿನಲ್ಲಿ ಕಾಣುವ ಆ ಬಿಗಿದ ತುಟಿಯ ಹೆಂಗಸು ಯಾರು, ಎಲ್ಲ ತಿಳಿದವಳ ಹಾಗೆ, ಆ ಹುಳುವಿಗಿಂತ ಇವಳ ಮೇಲೇ ಹೆಚ್ಚು ಹೇಸಿಗೆಯಾಯಿತು.

ಬಾಗಿಲು ತೆರೆದ ತಮ್ಮನಿಗೆ, ಫೋನಿನಲ್ಲಿ ತನಗೆ ಬಂದ ಮೇಲ್ ತೆರೆದು ಕೈಗೆ ಕೊಟ್ಟಳು, ಓದು, ನನಗೂ ಬಂದಿದೆ. ಓದಿದ. ಮತ್ತೆ ಮೇಲಿನಿಂದ ಓದಿದ. ಒಂದಕ್ಷರವೂ ಬದಲಿಲ್ಲ, ಎಂದ. ನನಗೆ ಬಂದಿದ್ದು ನನ್ನ ಮೇಲ್‌ನಿಂದಲೇ ಬಂದ ಹಾಗಿತ್ತಕ್ಕ, ಒಳಗೇ ಕೂತಿದ್ದಾನೆ ಅನ್ನಿಸ್ತು. ಕಳಿಸಿದವರ ಹೆಸರಿನ ಜಾಗದಲ್ಲಿ ಯಾರ ಹೆಸರು ಬೇಕಾದರೂ ಬರೆಯಬಹುದಂತೆ, ಎಂದಳು, ಹಣ ಹಾಕಿದೆಯಾ. ಹಾಕೋದು ಹೇಗಂತ ತಿಳಿಯಲಿಲ್ಲ. ಸದ್ಯ, ಅಷ್ಟರಮಟ್ಟಿಗೆ ಗೂಬೆಯಾಗಿದ್ದೇ ಒಳ್ಳೆಯದಾಯಿತು ಎಂದುಕೊಂಡಳು, ಇವತ್ತಿನ ಮಟ್ಟಿಗೆ ಈ ಬಾಯಿಯ ಪಾಲು ಮುಗಿದಿತ್ತು. ಅವನ ಲ್ಯಾಪ್‌ಟಾಪ್ ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೂತಳು, ಮಧ್ಯಾಹ್ನ ಕಲಿತದ್ದನ್ನೇ ಒಂದೊಂದಾಗಿ ಮಾಡಿಸಿದಳು, ಹೊಸ ಪಾಸ್‌ವರ್ಡ್ ಹಾಕುವಾಗ ತಾನೇ ಮುಖ ಆ ಕಡೆ ತಿರುಗಿಸಿಕೊಂಡಳು, ನನಗೂ ಹೇಳಬೇಡ. ಮತ್ತೆ ತಿರುಗಿದಾಗ ತೆರೆಯ ಮೇಲೆ ಕಳಿಸದೆ ಉಳಿದ ಒಂದು ಕಾಗದ, ಗ್ರಂಥಾಲಯದವಳಿಗೆ, ನನ್ನ ಬಗ್ಗೆ ಏನಾದರೂ ನಿಮ್ಮ ಕಿವಿಗೆ ಬೀಳುವ ಮುಂಚೆ ನಾನೇ ಹಿಂದೆ ಸರಿಯುವುದು ಮರ್ಯಾದೆ – ಐದು ದಿನದಿಂದ ಇದನ್ನೇ ತಿದ್ದುತ್ತ ಕೂತಿದ್ದನೇ, ಎಂಥ ದರಿದ್ರ ಕೈಗೆ ಎಂಥವನು ಸಿಕ್ಕಿಬಿದ್ದ, ಮೇಲ್ ಬರೆದ ಆ ಅಬ್ಬೇಪಾರಿಗೆ ಇವನು ಇದ್ದಾನೆಂಬುದೂ ಗೊತ್ತಿಲ್ಲ. ಅಕ್ಕ, ಎಂದ. ಹೂಂ. ವಿಡಿಯೊ ಸುಳ್ಳಿರಬಹುದು, ನಾನು ನೋಡಿದ್ದು ಸುಳ್ಳಲ್ಲ. ಹಾಗೆಂದವನು ಎರಡೂ ಕೈ ಮೇಜಿನ ಮೇಲಿಟ್ಟ, ಅಂಗೈ ಕೆಳಗೆ, ಬೆರಳು ಬಿಡಿಸಿ, ಹೇಳಿಕೊಡದೆಯೇ, ಎಕ್ಸ್‌ರೇ ತಟ್ಟೆಯ ಮೇಲೆ ಕೈಯಿಟ್ಟು ಚಿತ್ರಕ್ಕೆ ಕಾಯುವ ರೋಗಿಗಳ ಹಾಗೆ, ಒಳಗಿದ್ದದ್ದು ಕಾಣಲಿ ಎಂಬಂತೆ. ನಾನು ಕೇಳಲ್ಲ ಮರಿ, ಎಂದಳು, ಅದು ನನ್ನ ಕೆಲಸ ಅಲ್ಲ. ಅವನ ಬಲಗೈಯ ಒಂದು ಬೆರಳು ಎದ್ದು, ಆ ಕಾಗದವನ್ನು ಅಳಿಸುವ ಗುಂಡಿ ಒತ್ತಿ, ಹಿಂದಕ್ಕೆ ಬಂತು. ಇನ್ನೇನಾದರೂ ಹೇಳಬೇಕು, ಸೋಮವಾರ ಅಂದದ್ದು ತಪ್ಪಾಯಿತು ಎಂದು, ಗ್ರಂಥಾಲಯದವಳಿಗೆ ಫೋನ್ ಮಾಡು ಎಂದು, ಹೇಳುತ್ತಾಳೆ, ಈಗ ಹೇಳುತ್ತಾಳೆ, ಆದರೆ ಕೈ ಇನ್ನೂ ಅಲ್ಲೇ ಇದೆ, ತೆಗೀ ಎಂದು ಯಾರೂ ಹೇಳಿಲ್ಲವೆಂದು ಅವನು ತೆಗೆದಿಲ್ಲ, ಎರಡು ಕೈ, ಅಂಗೈ ಕೆಳಗೆ, ಬೆರಳು ಬಿಡಿಸಿ, ಎರಡು ಕೈ, ಅವಳ ಮಾತಿಗೇ ಕಾಯುತ್ತ.