ಬುರುಡೆ ಭಾವನ ಬೆಟ್ಟಸಾಲು

ಲಾರಿ ಡ್ರೈವರನ ಮಾತಿಗೆ ಮನೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ. ತಪ್ಪು ಅವನದೂ ಇತ್ತೆನ್ನಿ. ಬೆಕ್ಕು ಅಡ್ಡಬಂದರೆ ಚಿರತೆ ಕಂಡೆ ಎನ್ನುವ ಜಾಯಮಾನ. ಹಾಗಾಗಿ, ಹೆದ್ದಾರಿಯ ದೊಡ್ಡ ತಿರುವು ದಾಟಿದರೆ ಗರಗಸದ ಹಲ್ಲಿನಂಥ ಕೆಂಪು ಬೆಟ್ಟಗಳ ಸಾಲು ಕಾಣುತ್ತದೆ ಎಂದು ಆಣೆ ಮಾಡಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಷ್ಟು ಚೆನ್ನಾಗಿದ್ದಿದ್ರೆ ಕ್ಯಾಲೆಂಡರಲ್ಲಾದ್ರೂ ಬರ್ತಿತ್ತು ಬಿಡಿ ಭಾವ," ಎಂದು ಹೆಂಡತಿಯ ತಮ್ಮ ಛೇಡಿಸುತ್ತಿದ್ದ. ಬುರುಡೆ ಭಾವ ಎಂಬ ಹೆಸರು ಅವನೇ ಇಟ್ಟದ್ದು. ಹೆಂಡತಿಯೂ ಜೊತೆಗೆ ನಗುತ್ತಿದ್ದಳು. ಡ್ರೈವರನಿಗೆ ಚುಚ್ಚುತ್ತಿದ್ದುದು ಅದೇ.

ನಡುವಿನ ಬೆಟ್ಟದಲ್ಲಿ ಈ ಬದಿಯಿಂದ ಆ ಬದಿಗೆ ಹಾಯ್ದ ತೂತೊಂದಿತ್ತು. ಅದನ್ನಂತೂ ಅವನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಬೆಟ್ಟವನ್ನೇ ನಂಬದವರು ತೂತನ್ನು ನಂಬುತ್ತಾರೆಯೇ?

ಕೊನೆಗೊಂದು ದಿನ ಹಠ ಹಿಡಿದು ಹೆಂಡತಿಯನ್ನೇ ಲಾರಿ ಹತ್ತಿಸಿಕೊಂಡ. ಅವಳೊಬ್ಬಳು ನಂಬಿದರೆ ಅವನಿಗೆ ಸಾಕಿತ್ತು. ತಿರುವು ದಾಟಿದರೆ, ಅಯ್ಯೋ ಹಣೆಬರಹವೇ, ಬೆಟ್ಟದ ಜಾಗದಲ್ಲಿ ಬರೀ ಮೋಡ! ಲಾರಿ ನಿಲ್ಲಿಸಿ ಕಾದರು. ಫ್ಲಾಸ್ಕಿನ ಚಹಾ ಮುಗಿಯಿತು. ಜಪ್ಪಯ್ಯ ಎಂದರೂ ಮೋಡ ಕದಲಲಿಲ್ಲ. ಅವಳಿಗೆ ಮುಖ ತೋರಿಸಲಾಗದೆ ಅವನು ಇಳಿದು, ಲಾರಿಯ ಆಚೆ ಬದಿಗೆ ಹೋಗಿ ಟೈರು ಬಡಿಯುತ್ತ ನಿಂತ.

"ರೀ, ಬೇಗ ಬನ್ನಿ ಇಲ್ಲಿ!"

"ಬಂದೆ ತಡಿ," ಎಂದವನು ಇನ್ನೊಂದು ಟೈರು ಬಡಿದು ಬಂದ. ಎದುರಿಗೆ ಅದೇ ಮೋಡ. "ಏನೇ?"

"ಏನಿಲ್ಲ, ಹೊರಡೋಣ."

ಮನೆ ಮುಟ್ಟಿದಾಗ ತಮ್ಮ ಬಾಗಿಲಲ್ಲೇ ಕಾದಿದ್ದ. "ಏನಕ್ಕಾ, ಭಾವನ ಬೆಟ್ಟ ಕಂಡ್ತಾ?"

"ಕಾಣದೇ ಏನು? ಇವ್ರು ಹೇಳಿದ್ದು ಕಮ್ಮಿನೇ ಆಯ್ತು ಕಣೋ."

ಪಾಪ, ನನ್ನ ಮಾನ ಉಳಿಸಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡು ಡ್ರೈವರ್ ತಲೆ ತಗ್ಗಿಸಿ ಬೂಟು ಬಿಚ್ಚತೊಡಗಿದ.

"ಕೆಂಪಗೆ ಸಾಲಾಗಿ ನಿಂತಿವೆ. ನಡೂ ಬೆಟ್ಟದಲ್ಲಿ ಒಂದು ತೂತು ಬೇರೆ! ಅದ್ರೊಳಗಿಂದ ಆಕಾಶ ಕಾಣುತ್ತೆ."

"ಅಕ್ಕಾ, ನೀನೂ ಬುರುಡೆ ಬಿಡೋಕೆ ಶುರು ಮಾಡಿದ್ಯಾ?" ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತ ಒಳಗೆ ಹೋದ.

ಡ್ರೈವರನ ಕೈ ಬೂಟಿನ ಲಾಡಿಯ ಮೇಲೇ ನಿಂತಿತ್ತು. "ನಿಜವಾಗ್ಲೂ ನೋಡಿದ್ಯಾ? ಮತ್ತೆ ದಾರೀಲಿ ಯಾಕೆ ಹೇಳ್ಲಿಲ್ಲ?"

"ನೀವು ಬರೋದ್ರೊಳಗೆ ಮೋಡ ಮುಚ್ಕೊಳ್ತು. ಹೇಳಿದ್ರೆ ನಂಬ್ತಿದ್ರಾ?"

ಇಲ್ಲ, ನಂಬುತ್ತಿರಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದ.

ಅವಳು ಈ ಸಲ ನಗಲಿಲ್ಲ. "ಇಷ್ಟು ವರ್ಷ ನಿಮಗೆ ಹೇಗಾಗಿರ್ಬೇಕು ಅಂತ ಇವತ್ತು ಗೊತ್ತಾಯ್ತು ರೀ," ಎಂದಳು.