ದ್ವೀಪ ಕಟ್ಟಿದ ಉಂಗುರ

"ಈ ದ್ವೀಪ ಮೂರು ಸಲ ತೇಲಿಹೋಗಿತ್ತು ಸ್ವಾಮಿ! ಒಬ್ಬನೇ ಈಜಿ, ಹಗ್ಗ ಹಾಕಿ ಎಳ್ಕೊಂಡು ಬಂದೆ. ಅಗೋ, ಕಟ್ಟಿಹಾಕಿದ ಉಂಗುರ!" ಕಾವಲುಗಾರ ಬಂಡೆಯಲ್ಲಿ ತುಕ್ಕು ಹಿಡಿದಿದ್ದ ಕಬ್ಬಿಣದ ಉಂಗುರ ತೋರಿಸಿ ಮೀಸೆ ತಿರುವಿದ.

ದೋಣಿಯಿಂದ ಇಳಿದ ಹನ್ನೆರಡು ಮಂದಿ ಬಾಯಿ ಬಿಟ್ಟುಕೊಂಡು ನಿಂತರು. ಅವನಿಗೆ ಬೇಕಾದದ್ದೂ ಅದೇ. ಪಕ್ಕದ ಮರಳಿನಲ್ಲಿ ಕಡಲಹಕ್ಕಿಗಳು ಮೊಟ್ಟೆಯಿಟ್ಟಿದ್ದವು; ನೋಡಿದರೆ ಥೇಟ್ ಬೆಣಚುಕಲ್ಲು. ಯಾರಾದರೂ ಅತ್ತ ಕಾಲಿಟ್ಟರೆ ಮುಗಿಯಿತು.

"ಮೂರನೇ ಸಲ ತಿಮಿಂಗಿಲ ಅಡ್ಡ ಬಂತು ನೋಡಿ..."

"ಸಾಕು ಬಿಡಣ್ಣ," ಎಂದಳು ದೋಣಿ ನಡೆಸುವ ಅವನ ತಂಗಿ. "ನಿಂಗೆ ಈಜೇ ಬರಲ್ಲ. ಅದು ಮುತ್ತಜ್ಜನ ಕಾಲದಲ್ಲಿ ಹಡಗು ಕಟ್ಟೋಕೆ ಹಾಕಿದ್ದು."

ಎಲ್ಲರೂ ಗೊಳ್ಳೆಂದು ನಕ್ಕು ಚದುರತೊಡಗಿದರು. ಒಬ್ಬಾಕೆ ಮರಳಿನತ್ತ ಹೆಜ್ಜೆ ಎತ್ತಿದಳು. ಕಾವಲುಗಾರ ಕೈ ಚಾಚಿ ಅಡ್ಡ ಓಡಿದ.

"ಅಮ್ಮಾ, ನಿಲ್ಲಿ! ಅಲ್ಲಿರೋದು ಕಲ್ಲಲ್ಲ, ಮೊಟ್ಟೆ!"

ಆಕೆ ಎತ್ತಿದ ಕಾಲನ್ನು ಮೆಲ್ಲಗೆ ಹಿಂದಕ್ಕಿಟ್ಟಳು. "ಮೊದಲೇ ಹೇಳಬಾರದಿತ್ತಾ?"

"ಬೋರ್ಡ್ ಹಾಕಿದ್ರೂ ಯಾರೂ ಓದಲ್ಲ ತಾಯಿ. ಬುರುಡೆ ಬಿಟ್ರೆ ಮಾತ್ರ ಅಲ್ಲಾಡದೆ ನಿಂತ್ಕೋತಾರೆ." ಅವನ ಮೀಸೆ ಇಳಿಯಿತು. "ತಂಗಿ ಹೇಳಿದ್ದೇ ನಿಜ. ಇನ್ನೊಂದು ನಿಜಾನೂ ಹೇಳಿಬಿಡ್ತೀನಿ: ಕೆಲಸಕ್ಕೆ ಸೇರಿದ ದಿನ ಕಲ್ಲು ಅಂದ್ಕೊಂಡು ಒಂದು ಮೊಟ್ಟೆ ತುಳಿದವನು ನಾನೇ."