ಗುಡ್ಡದ ತುದಿಯ ಮನೆ

"ಏನ್ ಅವಸರನವ್ವಾ ನಿಂದು! ಗುಡ್ಡದ ಮ್ಯಾಲಿನ ಬಸವಣ್ಣ ಎಲ್ಲಿಗೂ ಓಡಿ ಹೋಗಂಗಿಲ್ಲ, ನಿಧಾನ ಹತ್ತು."

ಕೆಳಗಿನಿಂದ ಅತ್ತೆ ಅನ್ನದಾನಮ್ಮನ ದನಿ ಕೇಳಿದರೂ ಶಾಂಭವಿ ತಿರುಗಿ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಬಂಡೆಯಿಂದ ಬಂಡೆಗೆ ಕಾಲಿಡುತ್ತ ಹೋದಳು. ತುದಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ಬೇಡಿಕೊಂಡರೆ ಸ್ವಂತ ಮನೆಯಾಗುತ್ತದೆ ಎಂದು ಈ ಗುಡ್ಡಕ್ಕೆ ಹೆಸರು. ಅತ್ತೆ ಬರುವಷ್ಟರಲ್ಲಿ ಆ ಕೆಲಸ ಮುಗಿಯಬೇಕಿತ್ತು.

ಕೊಟ್ಟೂರಿನ ಗಂಡನ ಮನೆಯಲ್ಲಿ ಮೂವರು ಸೊಸೆಯಂದಿರಿಗೆ ಒಂದೇ ಒಲೆ. ಎಲ್ಲಿ ಕೂತರೂ ಯಾರಾದರೊಬ್ಬರ ಕಣ್ಣು. ತನಗೊಂದು ಲೋಟ ಚಹಾ ಬೇಕೆಂದರೂ ಇಡೀ ಮನೆ ಮಂದಿಗೆ ನೀರಿಡಬೇಕು. "ಬೇರೆ ಮನಿ ಮಾಡೂಣು" ಎಂದರೆ ಗಂಡ ಪ್ರವೀಣಕುಮಾರ್ "ಅವ್ವ ಎದಿ ಒಡಕೊಂತಾಳ" ಎನ್ನುತ್ತಿದ್ದ. ಆ ಮಹಾರಾಯ ಈಗಲೂ ಅರ್ಧ ಗುಡ್ಡಕ್ಕೇ ಏದುಸಿರು ಬಿಟ್ಟು, ನೆರಳು ನೋಡಿಕೊಂಡು ಕೂತಿದ್ದ. ಬೆಳಿಗ್ಗೆ ಇಬ್ಬರೇ ಹೊರಟಾಗ "ನಾನೂ ಬರ್ತೀನಿ ತಡೀರಿ" ಎಂದು ಅತ್ತೆ ಟ್ರ್ಯಾಕ್ಸ್ ಹತ್ತಿದ್ದೇ ಅವಳ ಹೊಟ್ಟೆ ಉರಿಸಿತ್ತು.

ತುದಿಯಲ್ಲಿ ಗಾಳಿ ನಿಲ್ಲಗೊಡುತ್ತಿರಲಿಲ್ಲ. ಕೆಳಗೆ ತುಂಗಭದ್ರೆಯ ಹಿನ್ನೀರು ಕಣ್ಣು ಹಾಯುವವರೆಗೂ ಹರಡಿತ್ತು. ಅದನ್ನು ನೋಡಲು ಶಾಂಭವಿಗೆ ಪುರುಸೊತ್ತೆಲ್ಲಿ? ಕೈಗೆ ಸಿಕ್ಕ ಕಲ್ಲಿಟ್ಟಳು, ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಅಳು ಬಂತು. ಹೇಗೋ ಮೂರು ಕಲ್ಲು ನಿಲ್ಲಿಸುವಷ್ಟರಲ್ಲಿ ಬೆನ್ನ ಹಿಂದೆ ಬಳೆ ಸದ್ದಾಯಿತು.

"ಯಾರ ಮನಿ ಇದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಂದು, ಅತ್ತಿ. ನಂದು, ನಿಮ್ಮ ಮಗಂದು. ಇಬ್ಬರದ."

ಅನ್ನದಾನಮ್ಮ ಉಸಿರು ಸುಧಾರಿಸಿಕೊಂಡು ಕುಕ್ಕುರುಗಾಲಲ್ಲಿ ಕೂತಳು. ಬೈಗುಳಕ್ಕೆ ಕಾದಿದ್ದ ಸೊಸೆಯ ಕಣ್ಣೆದುರೇ ಆ ಮೂರೂ ಕಲ್ಲು ತೆಗೆದು ಪಕ್ಕಕ್ಕಿಟ್ಟಳು. ಅತ್ತೆ ಸುತ್ತಮುತ್ತ ಹುಡುಕಿ, ಅಗಲವಾದ ಚಪ್ಪಡಿಯೊಂದನ್ನು ಎಳೆದು ತಂದಳು.

"ಕೆಳಗಿನ ಕಲ್ಲು ಸಣ್ಣದಾತು, ಈ ಗಾಳಿಗೆ ನಿಲ್ಲಂಗಿಲ್ಲ. ನಂದೂ ಹಿಂಗ ಬಿದ್ದಿತ್ತು."

"ನಿಮ್ದ?"

"ಹೊಸದಾಗಿ ಮದುವಿ ಆಗಿ ಬಂದಾಗ ಇಲ್ಲೇ ಕಟ್ಟಿದ್ನಿ. ನಿಮ್ಮ ಮಾವಗ ಗೊತ್ತಾಗ್ದಂಗ."

ಕೆಳಗಿನಿಂದ ಪ್ರವೀಣಕುಮಾರ್ ಕೂಗಿದ. "ಅವ್ವಾ, ಏನ್ ಮಾಡಾಕ ಹತ್ತೀರಿ ಮ್ಯಾಲೆ?"

ಶಾಂಭವಿ ಮೇಲಿನ ಕಲ್ಲಿಡುತ್ತಿದ್ದಳು. ಅತ್ತೆ ಎರಡೂ ಅಂಗೈ ಅಡ್ಡ ಹಿಡಿದು ಗಾಳಿ ತಡೆಯುತ್ತಿದ್ದಳು.